ಡಿಸ್ಕ್ ಡ್ರೈವಿನ ಜಾಗಕ್ಕೆ ಮೆಮೊರಿ ಕಾರ್ಡು: ಹಳೆಯ ಆಟದ ಯಂತ್ರಗಳ ದುರಸ್ತಿ ಮತ್ತು ರಕ್ಷಣೆ

ಟೆಕ್ಸಸ್‌ನ ಕನ್ನಡ ಕುಟುಂಬಗಳ ಗರಾಜುಗಳಲ್ಲಿ, ಊರಿಗೆ ಹೋಗುವಾಗ ಮಾತ್ರ ಕೆಳಗಿಳಿಯುವ ಸೂಟ್‌ಕೇಸುಗಳ ಪಕ್ಕದಲ್ಲಿ, ಮಕ್ಕಳು ಆಡಿ ಬಿಟ್ಟ ವಿಡಿಯೊ ಆಟದ ಯಂತ್ರವೊಂದು ಕುಳಿತಿರುವುದು ಅಪರೂಪವಲ್ಲ. ಈಗ ಉದ್ಯೋಗಸ್ಥರಾಗಿರುವ ಆ ಮಕ್ಕಳು ಒಂದು ರಜೆಯಲ್ಲಿ ಅದನ್ನು ಹೊರತೆಗೆದು ಟಿ.ವಿ.ಗೆ ಜೋಡಿಸುತ್ತಾರೆ. ದೀಪ ಹತ್ತುತ್ತದೆ, ಪರದೆಯ ಮೇಲೆ ಲಾಂಛನ ಮೂಡುತ್ತದೆ, ಡಿಸ್ಕು ತಿರುಗುವ ಸದ್ದೂ ಕೇಳುತ್ತದೆ. ಆಟ ಮಾತ್ರ ಆರಂಭವಾಗುವುದಿಲ್ಲ. ಇಂತಹ ಯಂತ್ರದ ಡಿಸ್ಕ್ ಡ್ರೈವನ್ನು ತೆಗೆದು, ಅದೇ ಜಾಗದಲ್ಲಿ ಮೆಮೊರಿ ಕಾರ್ಡಿನಿಂದ ಆಟವನ್ನು ಓದಿಸುವ ಸಣ್ಣ ಸರ್ಕ್ಯೂಟ್ ಫಲಕವನ್ನು ಕೂರಿಸುವ ವಿಧಾನ ಈಗ ಬಳಕೆಯಲ್ಲಿದೆ. ಈ ಫಲಕಕ್ಕೆ ಆಪ್ಟಿಕಲ್ ಡ್ರೈವ್ ಎಮ್ಯುಲೇಟರ್, ಸಂಕ್ಷೇಪವಾಗಿ ಓ.ಡಿ.ಇ., ಎಂದು ಹೆಸರು. ಅದರ ಸ್ವರೂಪ, ಕಾರ್ಯವಿಧಾನ ಹಾಗೂ ಕೈಗೊಳ್ಳಬೇಕಾದ ಎಚ್ಚರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ಯಂತ್ರಗಳು ಮತ್ತು ಡಿಸ್ಕುಗಳು

ಸೆಗಾ ಕಂಪನಿಯ ಸ್ಯಾಟರ್ನ್ ಜಪಾನಿನಲ್ಲಿ 1994ರ ನವೆಂಬರಿನಲ್ಲಿಯೂ ಸೋನಿಯ ಪ್ಲೇಸ್ಟೇಷನ್ ಅದೇ ವರ್ಷದ ಡಿಸೆಂಬರಿನಲ್ಲಿಯೂ ಮಾರುಕಟ್ಟೆಗೆ ಬಂದವು. ಮುಂದಿನ ವರ್ಷ ಎರಡೂ ಅಮೆರಿಕವನ್ನು ತಲುಪಿದವು. ಸೆಗಾದ ಡ್ರೀಮ್‌ಕಾಸ್ಟ್ ಇಲ್ಲಿ ಬಿಡುಗಡೆಯಾದದ್ದು 1999ರ ಸೆಪ್ಟೆಂಬರ್ 9ರಂದು. ಮೊದಲ ಎರಡು ಯಂತ್ರಗಳು ಸಾಮಾನ್ಯ ಸಿ.ಡಿ.ಯನ್ನು ಬಳಸಿದರೆ, ಡ್ರೀಮ್‌ಕಾಸ್ಟ್ ಸುಮಾರು 1 ಗಿಗಾಬೈಟ್ ಹಿಡಿಸುವ ಜಿ.ಡಿ.-ರಾಮ್ ಎಂಬ ವಿಶೇಷ ಡಿಸ್ಕನ್ನು ಬಳಸಿತು.

ಡಿಸ್ಕಿನ ಆಕರ್ಷಣೆ ಅದರ ಅಗ್ಗದ ಬೆಲೆ ಮತ್ತು ವಿಶಾಲ ಸ್ಥಳ. ಚಲನಚಿತ್ರದಂತಹ ದೃಶ್ಯಗಳನ್ನು ಆಟದೊಳಗೆ ಸೇರಿಸಲು ಸಾಧ್ಯವಾದದ್ದು ಇದರಿಂದಲೇ. ಇದಕ್ಕೆ ಟೆಕ್ಸಸ್‌ನಲ್ಲೇ ಉದಾಹರಣೆಯಿದೆ. ಗಗನಯಾತ್ರಿ ಓವೆನ್ ಗ್ಯಾರಿಯಟ್ ಅವರ ಮಗ ರಿಚರ್ಡ್ ಗ್ಯಾರಿಯಟ್ 1983ರಲ್ಲಿ ಹ್ಯೂಸ್ಟನ್ ಪ್ರದೇಶದ ತಮ್ಮ ಮನೆಯಿಂದ, ಬಂಧುಮಿತ್ರರೊಡನೆ, ಓರಿಜಿನ್ ಸಿಸ್ಟಮ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಆಸ್ಟಿನ್‌ನಲ್ಲಿ ನೆಲೆಯೂರಿದ ಆ ಸಂಸ್ಥೆ 1994ರಲ್ಲಿ ಹೊರತಂದ ‘ವಿಂಗ್ ಕಮಾಂಡರ್ 3’ ನಾಲ್ಕು ಸಿ.ಡಿ.ಗಳನ್ನು ತುಂಬಿತ್ತು. ಆಟದ ನಡುವೆ ಎದ್ದುಹೋಗಿ ಡಿಸ್ಕು ಬದಲಿಸುವುದು ಆ ಕಾಲದ ಮಕ್ಕಳಿಗೆ ಸಹಜ ಅಭ್ಯಾಸವಾಗಿತ್ತು.

ಡ್ರೈವು ಏಕೆ ಸೋಲುತ್ತದೆ?

ಆಟದ ಯಂತ್ರದಲ್ಲಿ ನಿರಂತರವಾಗಿ ಚಲಿಸುವ ಮುಖ್ಯ ಭಾಗವೆಂದರೆ ಡ್ರೈವು. ಮೊದಲು ಸವೆಯುವುದೂ ಅದೇ. ಸಿ.ಡಿ.ಯ ಮೇಲಿನ ಸುರುಳಿ ಜಾಡುಗಳ ನಡುವಣ ಅಂತರ 1.6 ಮೈಕ್ರೋಮೀಟರ್. 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಕಿರಣವನ್ನು ಪುಟ್ಟ ಮಸೂರವೊಂದು ಈ ಜಾಡಿನ ಮೇಲೆ ಕೇಂದ್ರೀಕರಿಸುತ್ತದೆ. ಡಿಸ್ಕು ತಿರುಗುವಾಗ ಸ್ವಲ್ಪ ಮೇಲೆ ಕೆಳಗೆ ಓಲಾಡುವುದರಿಂದ, ಮಸೂರವೂ ಕ್ಷಣಕ್ಷಣಕ್ಕೂ ಹೊಂದಿಕೊಳ್ಳುತ್ತಲೇ ಇರಬೇಕಾಗುತ್ತದೆ. ಕಾಲಕ್ರಮದಲ್ಲಿ ಲೇಸರಿನ ಶಕ್ತಿ ಕುಂದುತ್ತದೆ, ಹಳಿಗಳ ಮೇಲಿನ ಗ್ರೀಸು ಒಣಗುತ್ತದೆ, ಪ್ಲಾಸ್ಟಿಕ್ ಹಲ್ಲುಗಳು ಸವೆಯುತ್ತವೆ. ಮೊದಲ ತಲೆಮಾರಿನ ಪ್ಲೇಸ್ಟೇಷನ್‌ಗಳನ್ನು ಹಲವರು ತಲೆಕೆಳಗಾಗಿ ಇಟ್ಟು ಆಡುತ್ತಿದ್ದುದು ಸವೆದ ಲೇಸರ್ ಬಂಡಿಯನ್ನು ಹೇಗೋ ಸರಿಯಾದ ಎತ್ತರಕ್ಕೆ ತರುವ ಉಪಾಯವಾಗಿತ್ತು.

ಹಾಗೆಂದು ಓದದ ಪ್ರತಿಯೊಂದು ಡ್ರೈವೂ ಸತ್ತಿರುವುದಿಲ್ಲ. ಚಿಕಿತ್ಸೆಗೆ ಮುನ್ನ ರೋಗನಿರ್ಣಯ ಆಗಬೇಕು. ಮೊದಲು ಬೇರೆ ಡಿಸ್ಕನ್ನು ಹಾಕಿ ನೋಡಬೇಕು. ದೋಷ ಡಿಸ್ಕಿನಲ್ಲೇ ಇರಬಹುದು. ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಮಸೂರವನ್ನು ಮೃದುವಾಗಿ ಒರೆಸಿ, ಹಳಿಗಳ ಹಳೆಯ ಗ್ರೀಸನ್ನು ತೆಗೆದು ಹೊಸದನ್ನು ತೆಳುವಾಗಿ ಸವರಬೇಕು. ಇಷ್ಟರಿಂದಲೇ ಚೇತರಿಸಿಕೊಳ್ಳುವ ಯಂತ್ರಗಳುಂಟು. ಚೇತರಿಸಿಕೊಳ್ಳದಿದ್ದಾಗ ಬದಲಿ ಫಲಕದ ವಿಚಾರ ಬರುತ್ತದೆ.

ಬದಲಿ ಫಲಕದ ಕಾರ್ಯವಿಧಾನ

ಯಂತ್ರದ ಮುಖ್ಯ ಭಾಗಕ್ಕೆ ಡ್ರೈವಿನ ಒಳಗೇನಿದೆ ಎಂಬುದು ತಿಳಿಯದು. ‘ಇಂತಿಷ್ಟನೆಯ ಖಂಡವನ್ನು ಓದಿ ಕೊಡು’ ಎಂದು ಅದು ಆಜ್ಞೆ ನೀಡುತ್ತದೆ; ಉತ್ತರ ನಿಗದಿತ ರೂಪದಲ್ಲಿ, ನಿಗದಿತ ವೇಗದಲ್ಲಿ ಬಂದರೆ ಅದಕ್ಕೆ ತೃಪ್ತಿ. ಬದಲಿ ಫಲಕವು ಈ ಆಜ್ಞೆಗಳನ್ನು ಅರಿತು, ಮೆಮೊರಿ ಕಾರ್ಡಿನಲ್ಲಿರುವ ಡಿಸ್ಕಿನ ಪೂರ್ಣ ಪ್ರತಿಯಿಂದ ಬೇಕಾದ ಭಾಗವನ್ನು ಆಯ್ದು ಕಳುಹಿಸುತ್ತದೆ. ಸ್ಯಾಟರ್ನ್ ಮತ್ತು ಪ್ಲೇಸ್ಟೇಷನ್‌ಗಳ ಡ್ರೈವು ಸೆಕೆಂಡಿಗೆ ಸುಮಾರು 300 ಕಿಲೋಬೈಟ್ ಮಾಹಿತಿ ಕೊಡುತ್ತಿತ್ತು. ಇಂದಿನ ಸಾಧಾರಣ ಕಾರ್ಡಿಗೂ ಇದು ಲೀಲಾಜಾಲ. ಕಠಿಣವಾದದ್ದು ವೇಗವಲ್ಲ, ಕಾಲದ ನಿಖರತೆ. ಅನೇಕ ಆಟಗಳ ಸಂಗೀತವು ಸಿ.ಡಿ.ಯಲ್ಲಿ ಹಾಡಿನ ಪ್ರತ್ಯೇಕ ಜಾಡುಗಳಾಗಿಯೇ ಇರುವುದರಿಂದ, ಫಲಕವು ಅದನ್ನೂ ದೃಶ್ಯಕ್ಕೆ ಸರಿಹೊಂದುವಂತೆ ನುಡಿಸಬೇಕು.

ಯಂತ್ರಕ್ಕೆ ತಕ್ಕಂತೆ ಫಲಕಗಳೂ ಬೇರೆ ಬೇರೆ. ಡ್ರೀಮ್‌ಕಾಸ್ಟ್‌ಗೆ ಪ್ರಸಿದ್ಧವಾದದ್ದು ಜಿ.ಡಿ.-ಎಮು. ಸ್ಯಾಟರ್ನ್‌ಗೆ ರಿಯಾ ಮತ್ತು ಫೀಬಿ ಎಂಬ ಎರಡು ಫಲಕಗಳಿವೆ. ಶನಿಗ್ರಹದ ಹೆಸರು ಹೊತ್ತ ಯಂತ್ರಕ್ಕೆ ಶನಿಯ ಎರಡು ಉಪಗ್ರಹಗಳ ಹೆಸರು. ಮೊದಲನೆಯದು 20 ಎಳೆಗಳ ಸಂಪರ್ಕಪಟ್ಟಿಯ ಸ್ಯಾಟರ್ನ್‌ಗೆ, ಎರಡನೆಯದು 21 ಎಳೆಗಳದ್ದಕ್ಕೆ ಹೊಂದುತ್ತದೆ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಯಂತ್ರಗಳ ಒಳರಚನೆ ಭಿನ್ನವಾಗಿರಬಹುದಾದ್ದರಿಂದ, ಮುಚ್ಚಳ ತೆರೆದು ನೋಡಿದ ಬಳಿಕವೇ ಫಲಕವನ್ನು ಕೊಳ್ಳುವುದು ವಿವೇಕ. ಸ್ಯಾಟಿಯೇಟರ್ ಎಂಬ ಸಾಧನಕ್ಕಾದರೋ ಯಂತ್ರವನ್ನು ಬಿಚ್ಚುವ ಅಗತ್ಯವೇ ಇಲ್ಲ. ಸ್ಯಾಟರ್ನ್‌ನ ಹಿಂಬದಿಯ ವಿಡಿಯೊ ಕಾರ್ಡಿನ ಕಿಂಡಿಗೆ ಅದನ್ನು ಸೇರಿಸಿದರೆ ಸಾಕು. ಪ್ಲೇಸ್ಟೇಷನ್‌ಗೆ ದೊರೆಯುವ ಎಕ್ಸ್‌ಸ್ಟೇಷನ್ ಫಲಕಕ್ಕೆ ಸೂಕ್ಷ್ಮವಾದ ಬೆಸುಗೆ ಕೆಲಸ ಬೇಕಾಗುತ್ತದೆ. ಅಭ್ಯಾಸವಿಲ್ಲದವರು ಅನುಭವಿಗಳಿಗೆ ಒಪ್ಪಿಸುವುದು ಮೇಲು.

ಫಲಕ ಕೂರಿಸಿದ ಮೇಲೆ ನಾಲ್ಕು ಡಿಸ್ಕಿನ ಆಟದಲ್ಲಿ ಎದ್ದುಹೋಗುವ ಕೆಲಸ ಉಳಿಯುವುದಿಲ್ಲ. 32 ಗಿಗಾಬೈಟಿನ ಒಂದು ಕಾರ್ಡು ಸುಮಾರು 45 ತುಂಬಿದ ಸಿ.ಡಿ.ಗಳನ್ನು ಹಿಡಿದುಕೊಳ್ಳುತ್ತದೆ.

ಕಾರ್ಡಿನ ಒಳಗೆ

ಮೆಮೊರಿ ಕಾರ್ಡಿನ ಮೂಲಪುರುಷನೂ ಟೆಕ್ಸಸ್‌ನವನೇ. 1958ರ ಸೆಪ್ಟೆಂಬರ್ 12ರಂದು ಡಲ್ಲಾಸ್‌ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ಜ್ಯಾಕ್ ಕಿಲ್ಬಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟನ್ನು ಪ್ರದರ್ಶಿಸಿದರು. ಅದಕ್ಕಾಗಿ 2000ದಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಕಾರ್ಡಿನಲ್ಲಿರುವ ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ತೊಶಿಬಾದ ಫುಜಿಯೊ ಮಸುವೊಕಾ ರೂಪಿಸಿದರು. ಎಸ್.ಡಿ. ಕಾರ್ಡು ಬಂದದ್ದು 1999ರಲ್ಲಿ.

ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶವೂ ಸುತ್ತಲೂ ಅವಾಹಕದ ಗೋಡೆಯಿರುವ ಒಂದು ಪುಟ್ಟ ಕೋಣೆ. ಅದರೊಳಗೆ ಸೇರಿಸಿದ ಎಲೆಕ್ಟ್ರಾನುಗಳು ವಿದ್ಯುತ್ತು ನಿಂತ ಮೇಲೂ ಅಲ್ಲಿಯೇ ಉಳಿಯುತ್ತವೆ. ಆದರೆ ಅವು ಶಾಶ್ವತವಲ್ಲ. ವರ್ಷಗಳು ಉರುಳಿದಂತೆ ನಿಧಾನವಾಗಿ ಸೋರಿಹೋಗುತ್ತವೆ, ಬಿಸಿ ಹೆಚ್ಚಿದಷ್ಟೂ ಬೇಗ ಸೋರುತ್ತವೆ. ಟೆಕ್ಸಸ್‌ನ ಬೇಸಗೆಯಲ್ಲಿ ಕಾದ ಗರಾಜು ಕಾರ್ಡಿಗೂ ತಕ್ಕ ಸ್ಥಳವಲ್ಲ, ಡಿಸ್ಕಿಗೂ ಅಲ್ಲ. ಕಾರ್ಡು ಡ್ರೈವಿಗೆ ಬದಲಿಯೇ ಹೊರತು ಡಿಸ್ಕಿಗೆ ಬದಲಿಯಲ್ಲ. ಕಾರ್ಡಿನಲ್ಲಿರುವುದರ ಇನ್ನೊಂದು ಪ್ರತಿ ಮನೆಯೊಳಗಿನ ಕಂಪ್ಯೂಟರಿನಲ್ಲಿ ಇರಲೇಬೇಕು. ಹೆಚ್ಚು ಸ್ಥಳವಿದೆಯೆಂದು ಸುಳ್ಳು ಹೇಳುವ ನಕಲಿ ಕಾರ್ಡುಗಳೂ ಮಾರುಕಟ್ಟೆಯಲ್ಲಿವೆ. ಹೊಸ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ಪರೀಕ್ಷಿಸಿದ ನಂತರ ಬಳಸಬೇಕು.

ಮೊದಲು ಉಳಿಸಬೇಕಾದದ್ದು

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. 1990ರ ದಶಕದ ಕೊನೆಯಲ್ಲಿ, ಹ್ಯೂಸ್ಟನ್‌ನಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ, ಮಗನಿಗಾಗಿ ಹಳೆಯ ಸ್ಯಾಟರ್ನ್ ಒಂದನ್ನು ಕೊಂಡಿದ್ದೆ. ಆ ವರ್ಷ ಮೈಸೂರಿನಿಂದ ಬಂದು ಆರು ತಿಂಗಳು ನಮ್ಮೊಡನಿದ್ದ ನನ್ನ ತಂದೆಯವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಹೊರಗೆ ಒಬ್ಬರೇ ಹೋಗಲು ದಾರಿಯೂ ಇರಲಿಲ್ಲ. ಮಧ್ಯಾಹ್ನವೆಲ್ಲ ಮೊಮ್ಮಗನೊಡನೆ ಕುಳಿತು ಪರದೆಯ ಮೇಲೆ ಕಾರು ಓಡಿಸುತ್ತಿದ್ದರು. ಒಂದು ದಿನ ಅವರು ದಾಖಲೆ ಮಾಡಿದಾಗ ಮೊಮ್ಮಗ ಅವರ ಹೆಸರಿನ ಜಾಗದಲ್ಲಿ ‘ಅಜ್ಜ’ ಎಂಬುದನ್ನು ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದ್ದ. ತಂದೆಯವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಮಗ ಯಂತ್ರವನ್ನು ಹೊರತೆಗೆದ. ಡ್ರೈವಿಗೆ ಬದಲಿ ಫಲಕ ಹಾಕಿಸಿದೆವು, ಆಟವೂ ಆರಂಭವಾಯಿತು. ದಾಖಲೆಗಳ ಪಟ್ಟಿಯಲ್ಲಿ ಅಜ್ಜ ಇರಲಿಲ್ಲ.

ಕಾರಣ ಸರಳ. ಸ್ಯಾಟರ್ನ್ ತನ್ನ ಆಟಗಾರರ ಗುರುತುಗಳನ್ನು ಡಿಸ್ಕಿನಲ್ಲಿ ಇಡುವುದಿಲ್ಲ. 32 ಕಿಲೋಬೈಟಿನ ಒಂದು ಒಳನೆನಪಿನಲ್ಲಿ ಇಡುತ್ತದೆ. ಅದನ್ನು ಜೀವಂತವಾಗಿರಿಸುವುದು ಹಿಂಬದಿಯ ಸಣ್ಣ ಬಾಗಿಲೊಳಗಿನ ಸಿ.ಆರ್. 2032 ಗುಂಡಿ ಬ್ಯಾಟರಿ. ಬ್ಯಾಟರಿ ಬರಿದಾದರೆ ನೆನಪೂ ಅಳಿಯುತ್ತದೆ. ಕೆಲವೇ ಡಾಲರಿನ ಆ ಬ್ಯಾಟರಿಯನ್ನು ನಾನು ಕಾಲಕಾಲಕ್ಕೆ ಬದಲಿಸಿರಲಿಲ್ಲ.

ಆದ್ದರಿಂದ ಯಾವ ಕೆಲಸಕ್ಕೂ ಮುನ್ನ, ಉಳಿದಿರುವ ನೆನಪನ್ನು ಬೇರೆಡೆಗೆ ನಕಲಿಸಬೇಕು. ಸ್ಯಾಟರ್ನ್‌ನ ಮೇಲ್ಭಾಗದ ಕಿಂಡಿಗೆ ಸೇರುವ ಬ್ಯಾಕಪ್ ಕಾರ್ಟ್ರಿಜ್ ಇದಕ್ಕೆಂದೇ ಇದೆ. ಯಂತ್ರದ ಒಳಗಿನ ಮೆನುವಿನಿಂದಲೇ ನಕಲಿಸಬಹುದು. ಪ್ಲೇಸ್ಟೇಷನ್‌ನ 128 ಕಿಲೋಬೈಟಿನ ಉಳಿಕೆ ಕಾರ್ಡು ಮತ್ತು ಡ್ರೀಮ್‌ಕಾಸ್ಟ್‌ನ ವಿ.ಎಂ.ಯು. ಎಂಬ ಘಟಕ ಫ್ಲ್ಯಾಶ್ ಮೆಮೊರಿಯನ್ನು ಬಳಸುವುದರಿಂದ ಬ್ಯಾಟರಿಯನ್ನು ಅವಲಂಬಿಸಿಲ್ಲ. ಅವಕ್ಕೂ ವಯಸ್ಸಾಗುತ್ತಿರುವುದರಿಂದ ಅವುಗಳ ನಕಲೂ ಅಗತ್ಯ. ಈ ಉಳಿಕೆ ಕಾರ್ಡುಗಳನ್ನು ಡ್ರೈವಿನ ಬದಲಿಗೆ ಬಳಸುವ ಎಸ್.ಡಿ. ಕಾರ್ಡಿನೊಡನೆ ಗೊಂದಲ ಮಾಡಿಕೊಳ್ಳಬಾರದು.

ಬಿಚ್ಚುವ ಮುನ್ನ: ವೈದ್ಯನ ಎಚ್ಚರಿಕೆಗಳು

ಮೊದಲನೆಯದು ವಿದ್ಯುತ್ತು. ಈ ಮೂರೂ ಯಂತ್ರಗಳ ಒಳಗೇ ವಿದ್ಯುತ್ ಪೂರೈಕೆಯ ಫಲಕವಿದ್ದು, ಗೋಡೆಯ 120 ವೋಲ್ಟು ಅಲ್ಲಿಯವರೆಗೆ ಬರುತ್ತದೆ. ಪ್ಲಗ್ಗನ್ನು ಕಿತ್ತು ಸ್ವಲ್ಪ ಹೊತ್ತು ಕಾಯಬೇಕು. ಕಿತ್ತ ಮೇಲೂ ಆ ಫಲಕವನ್ನು ಕೈಯಿಂದ ಮುಟ್ಟಬಾರದು. ಮುಚ್ಚಳ ತೆರೆದಿಟ್ಟು ಯಂತ್ರವನ್ನು ಚಾಲೂ ಮಾಡಬಾರದು. ಇಲ್ಲಿ ಕೊಂಡ ಯಂತ್ರವನ್ನು ಊರಿಗೆ ಒಯ್ದು 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ; ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕು.

ಎರಡನೆಯದು ಕಣ್ಣು. ಸಿ.ಡಿ. ಲೇಸರಿನ ಕಿರಣ ಬಹುಮಟ್ಟಿಗೆ ಅಗೋಚರ. ಪ್ರಖರವಾದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವ ರಕ್ಷಣೆ ಇಲ್ಲಿ ದೊರೆಯುವುದಿಲ್ಲ, ಅಕ್ಷಿಪಟಲಕ್ಕೆ ನೋವಿನ ಅರಿವೂ ಇಲ್ಲ. ಲೇಸರಿನ ಶಕ್ತಿ ಅಲ್ಪವೇ ಆದರೂ, ಓಡುತ್ತಿರುವ ಡ್ರೈವಿನ ಮಸೂರಕ್ಕೆ ಕಣ್ಣು ಹತ್ತಿರ ತಂದು ‘ಉರಿಯುತ್ತಿದೆಯೇ’ ಎಂದು ನೋಡುವ ಅಭ್ಯಾಸ ಸಲ್ಲದು.

ಮೂರನೆಯದು ಅತಿ ಮುಖ್ಯ: ಗುಂಡಿ ಬ್ಯಾಟರಿ. 20 ಮಿಲಿಮೀಟರ್ ಅಗಲದ ಈ ಬಿಲ್ಲೆ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅದರ ವಿದ್ಯುತ್ತಿನಿಂದ ಅಲ್ಲಿಯೇ ಕ್ಷಾರ ಉತ್ಪತ್ತಿಯಾಗಿ, ಎರಡು ಗಂಟೆಗಳೊಳಗೆ ತೀವ್ರ ಸುಟ್ಟಗಾಯವಾಗಬಲ್ಲದು. ಬಳಸಿ ಮುಗಿದ ಬ್ಯಾಟರಿಯೂ ಅಪಾಯಕಾರಿ. ಟೆಕ್ಸಸ್‌ನ ಲಬ್ಬಕ್ ನಗರದ ಹಸುಳೆಯೊಂದು ಹೀಗೆ ಮೃತಪಟ್ಟ ನಂತರ, ಬ್ಯಾಟರಿ ಪೆಟ್ಟಿಗೆಗಳನ್ನು ಭದ್ರಪಡಿಸಬೇಕೆಂಬ ಒಕ್ಕೂಟ ಕಾಯ್ದೆ 2022ರಲ್ಲಿ ಜಾರಿಗೆ ಬಂದಿತು. ಮಗು ನುಂಗಿದ ಅನುಮಾನ ಬಂದರೂ ಸಾಕು, ತಡಮಾಡದೆ ತುರ್ತು ಚಿಕಿತ್ಸಾಲಯಕ್ಕೆ ಹೋಗಬೇಕು. ವಾಂತಿ ಮಾಡಿಸಬಾರದು. ಒಂದು ವರ್ಷ ಮೀರಿದ, ನುಂಗಬಲ್ಲ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 10 ಮಿಲಿಲೀಟರ್ ಜೇನುತುಪ್ಪ ಕೊಡಬಹುದು; ಅದಕ್ಕಾಗಿ ಪ್ರಯಾಣ ತಡವಾಗಬಾರದು.

ಕಾನೂನು ಮತ್ತು ಸಂಗ್ರಹಾಲಯಗಳು

ತಮ್ಮ ಬಳಿಯಿರುವ ಡಿಸ್ಕಿನಿಂದ ತಾವೇ ಪ್ರತಿ ಮಾಡಿಕೊಳ್ಳುವುದು ಒಂದು, ಬೇರೆಯವರ ಪ್ರತಿಯನ್ನು ಇಳಿಸಿಕೊಳ್ಳುವುದು ಇನ್ನೊಂದು. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ 117ನೆಯ ಕಲಮು ಕಂಪ್ಯೂಟರ್ ಪ್ರೋಗ್ರಾಮಿನ ಮಾಲಿಕರಿಗೆ ರಕ್ಷಣೆಗಾಗಿ ಪ್ರತಿ ಮಾಡಿಕೊಳ್ಳಲು ಅವಕಾಶ ನೀಡುತ್ತದೆ. 1998ರ ಡಿಜಿಟಲ್ ಮಿಲೆನಿಯಮ್ ಕಾಯ್ದೆ ನಕಲು ತಡೆಯ ಬೀಗವನ್ನು ಮುರಿಯುವುದನ್ನು ನಿಷೇಧಿಸುತ್ತದೆ. ಈ ಎರಡರ ನಡುವಣ ಹಾದಿ ಕಿರಿದು. ಡಿಸ್ಕನ್ನು ಮಾರಿದ ಮೇಲೆ ಪ್ರತಿಯನ್ನು ಇಟ್ಟುಕೊಳ್ಳುವ ಹಕ್ಕಿಲ್ಲ ಎಂಬುದು ನೆನಪಿರಲಿ.

ಸಂರಕ್ಷಣೆಯ ಅಗತ್ಯವಂತೂ ನಿಜವಾದದ್ದು. ಅಮೆರಿಕದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಬ್ರಿಸ್ಕೊ ಕೇಂದ್ರದಲ್ಲಿ ವಿಡಿಯೊ ಆಟಗಳ ದಾಖಲೆ ಭಂಡಾರವಿದೆ. ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊ ನಗರದಲ್ಲಿ 2016ರಲ್ಲಿ ತೆರೆದ ರಾಷ್ಟ್ರೀಯ ವಿಡಿಯೊ ಗೇಮ್ ಸಂಗ್ರಹಾಲಯದಲ್ಲಿ ಹಳೆಯ ಯಂತ್ರಗಳನ್ನು ಮಕ್ಕಳು ಕೈಯಾರೆ ಆಡಿ ನೋಡಬಹುದು.

ಆಟಗಳನ್ನು ಅವರು ಕಾಯುತ್ತಾರೆ. ಆದರೆ ನಮ್ಮ ಮನೆಯವರು ಆಡಿದ ಗುರುತು ಯಾವ ಸಂಗ್ರಹಾಲಯದಲ್ಲೂ ಇರದು. ಅದನ್ನು ಕಾಯುವ ಹೊಣೆ ನಮ್ಮದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಉಳಿಕೆ ನೆನಪಿನ ನಕಲು, ಬಳಿಕ ಹೊಸ ಬ್ಯಾಟರಿ, ಬಳಿಕ ಡ್ರೈವಿನ ಶುಚಿ, ಕೊನೆಗೆ ಬದಲಿ ಫಲಕ. ತೆಗೆದ ಡ್ರೈವನ್ನು ಎಸೆಯದೆ, ಸ್ಥಿರವಿದ್ಯುತ್ತನ್ನು ತಡೆಯುವ ಚೀಲದಲ್ಲಿ ಹಾಕಿ, ತಿರುಪುಗಳೊಡನೆ ಹೆಸರು ಬರೆದು, ಮನೆಯೊಳಗೆ ಇಡಬೇಕು. ನಮ್ಮ ಸ್ಯಾಟರ್ನ್ ಈಗ ಮಗನ ಡಲ್ಲಾಸ್ ಮನೆಯಲ್ಲಿದೆ. ಅದರ ಹಿಂಬದಿಯ ಬಾಗಿಲಿನ ಮೇಲೆ ಬ್ಯಾಟರಿ ಬದಲಿಸಿದ ದಿನಾಂಕವನ್ನು ಅವನು ಪ್ರತಿ ಬಾರಿಯೂ ಬರೆದಿಡುತ್ತಾನೆ.