ದೀಪವೂ ಬೆಳಗುತ್ತದೆ, ಕೊಡವನ್ನೂ ಬೆಳಗುತ್ತೇವೆ

ಬೆಳಗಾವಿ ಜಿಲ್ಲೆಯ ರಾಯಬಾಗದ ಕಡೆ ಒಲೆ ಹಚ್ಚುತ್ತಾರೆ, ಲೈಟನ್ನೂ ಹಚ್ಚುತ್ತಾರೆ. ಆರತಿಯನ್ನು ಮಾತ್ರ ಬೆಳಗುತ್ತಾರೆ. ಹಬ್ಬ ಹತ್ತಿರ ಬಂತೆಂದರೆ ಹುಣಸೆಹಣ್ಣಿನಿಂದ ತಿಕ್ಕಿ ತಾಮ್ರದ ಕೊಡ ಬೆಳಗುತ್ತಾರೆ. ಭಜನೆ ‘ಬೆಳತನಕ’ ನಡೆಯುತ್ತದೆ, ಅಂದರೆ ಬೆಳಗಾಗುವ ತನಕ. ಮಗ ಓದಿ ಮುಂದೆ ಬಂದರೆ ಮನೆತನದ ಹೆಸರು ಬೆಳಗಿದ ಎನ್ನುತ್ತಾರೆ. ಒಂದೇ ಮಾತಿಗೆ ಇಷ್ಟೊಂದು ದುಡಿಮೆ!

ಇದರ ಬೇರು ‘ಬೆಳ್’: ಬಿಳುಪು, ಹೊಳಪು. ಬೆಳ್ಳಿ, ಬೆಳದಿಂಗಳು, ಬೆಳ್ಳುಳ್ಳಿ ಎಲ್ಲ ಇದೇ ಬಳಗ. ಬೆಣ್ಣೆಯೂ ಈ ಮನೆಯದೇ; ಬೆಳ್ ಮತ್ತು ನೆಯ್ ಕೂಡಿದ್ದು, ಬಿಳಿಯ ತುಪ್ಪ. ಹೊಲದ ‘ಬೆಳೆ’ ಮಾತ್ರ ನೆಂಟನಂತೆ ಕಂಡರೂ ಬೇರೆ ಕುಲ, ಅದು ತಮಿಳಿನ ‘ವಿಳೈ’ಗೆ ಹತ್ತಿರ. ಜಿಲ್ಲಾ ಕೇಂದ್ರ ಬೆಳಗಾವಿಯ ಹೆಸರಲ್ಲೂ ಬೆಳಕು ಹುಡುಕುವವರಿದ್ದಾರೆ. ಆದರೆ ಶಾಸನಗಳು ಆ ಊರನ್ನು ವೇಣುಗ್ರಾಮ ಎನ್ನುತ್ತವೆ, ಅಲ್ಲಿರುವುದು ಬಿದಿರು.

ತಮಿಳಿನಲ್ಲಿ ಇದು ಜೋಡಿ ಪದ. ತಾನಾಗಿ ಹೊಳೆಯುವುದು ‘ವಿಳಂಗು’, ಇನ್ನೊಂದನ್ನು ಹೊಳೆಯಿಸುವುದು ‘ವಿಳಕ್ಕು’. ದೀಪಕ್ಕೂ ಅವರು ವಿಳಕ್ಕು ಎನ್ನುತ್ತಾರೆ, ಪಾತ್ರೆ ತಿಕ್ಕುವುದಕ್ಕೂ ಹಲ್ಲು ಉಜ್ಜುವುದಕ್ಕೂ ಅದೇ ಮಾತು. ಕನ್ನಡ ‘ಅಡಗು’, ‘ಅಡಕು’ಗಳಲ್ಲಿ ಇಂಥ ಜೋಡಿಯನ್ನು ಉಳಿಸಿಕೊಂಡಿತು, ಬೆಳಗಿನ ವಿಷಯದಲ್ಲಿ ಎರಡನ್ನೂ ಒಂದೇ ಕ್ರಿಯಾಪದದ ಮೇಲೆ ಹೇರಿತು. ಸೂರ್ಯನೂ ಬೆಳಗುತ್ತಾನೆ, ಅತ್ತಿಗೆಯೂ ಆರತಿ ಬೆಳಗುತ್ತಾಳೆ. ವೇದಿಕೆಯ ನಿರೂಪಕರಿಗೆ ಇದು ಸಾಲದೆ ‘ದೀಪ ಬೆಳಗಿಸುವ ಮೂಲಕ’ ಎಂದು ಒಂದು ‘ಇಸು’ ಅಂಟಿಸಿದ್ದಾರೆ. ದೀಪ ‘ಬೆಳಗಿದರು’ ಎಂದರೆ ಏನೂ ಕೊರತೆಯಾಗುತ್ತಿರಲಿಲ್ಲ. ನಾಮಪದದ ಕತೆ ಬೇರೆ. ವಚನಕಾರರಿಗೆ ಬೆಳಗು ಎಂದರೆ ಬೆಳಕೇ, ಪರವಸ್ತುವಿನ ಪ್ರಭೆ. ಇಂದು ಅದು ಬರೀ ಹೊತ್ತಿನ ಹೆಸರಾಗಿ ಕುಗ್ಗಿದೆ.

ತಾನು ಬೆಳಗುವುದು, ಇನ್ನೊಂದನ್ನು ಬೆಳಗುವುದು ಎಂಬ ಕ್ರಿಯಾಪದದ ಎರಡು ಅರ್ಥಗಳು ಈಗ ಮೊಬೈಲ್ ಅಂಗಡಿಯಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತವೆ. ಎಲ್‌ಸಿಡಿ ಪರದೆಯಲ್ಲಿ ದ್ರವಸ್ಫಟಿಕ ತಾನು ಬೆಳಗುವುದಿಲ್ಲ. ಹಿಂದಿನ ದೀಪ ಅದನ್ನು ಬೆಳಗುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆ ತಾನೇ ಬೆಳಗುತ್ತದೆ. ಕಪ್ಪು ಬೇಕಾದಲ್ಲಿ ಚುಕ್ಕೆ ಆರುತ್ತದೆ, ಅಷ್ಟೆ. ಇದನ್ನು ಪುಸ್ತಕದವರು ‘ಸಾವಯವ ಬೆಳಕು ಹೊರಸೂಸುವ ಡಯೋಡ್’ ಎಂದರು. ಸಾವಯವ ಎಂದರೆ ಗೊಬ್ಬರ, ಬೆಲ್ಲ ಎಂದುಕೊಳ್ಳುವ ನಮ್ಮ ಕಬ್ಬಿನ ನಾಡಿನಲ್ಲಿ ಈ ಹೆಸರು ನಗೆ ತರಿಸೀತು. ಅಲ್ಲಿರುವುದು ಇಂಗಾಲದ ಸಂಯುಕ್ತಗಳ ತೆಳು ಪದರ. ‘ತಾನೇ ಬೆಳಗುವ ಪರದೆ’ ಎಂದರೆ ಸಾಕಿತ್ತು.

1987ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ಚಿಂಗ್ ಟ್ಯಾಂಗ್, ಸ್ಟೀವನ್ ವ್ಯಾನ್ ಸ್ಲೈಕ್ ಎರಡು ಪದರ ಜೋಡಿಸಿ ಹತ್ತು ವೋಲ್ಟಿಗೂ ಕಡಿಮೆ ವಿದ್ಯುತ್ತಿನಲ್ಲಿ ಹಸಿರು ಬೆಳಗಿದರು. ದಕ್ಷತೆ ಸುಮಾರು ನೂರಕ್ಕೆ ಒಂದು. ಇಲೆಕ್ಟ್ರಾನು ಮತ್ತು ಅದರ ತೆರವು ಕೂಡುವ ನಾಲ್ಕು ಸಲದಲ್ಲಿ ಒಮ್ಮೆ ಮಾತ್ರ ಬೆಳಕು ಹುಟ್ಟುತ್ತಿತ್ತು. ಉಳಿದ ಮೂರು ಬಿಸಿಯಾಗಿ ಹೋಗುತ್ತಿದ್ದವು. 1998ರಲ್ಲಿ ಫಾರೆಸ್ಟ್ ಮತ್ತು ಥಾಂಪ್ಸನ್ ಎಂಬ ವಿಜ್ಞಾನಿಗಳ ತಂಡ ಪ್ಲಾಟಿನಂ ಸಂಯುಕ್ತ ಬೆರೆಸಿ ಆ ಮೂರನ್ನೂ ಬೆಳಕಾಗಿಸುವ ದಾರಿ ತೋರಿಸಿತು. ಭಾರಲೋಹವೇ ಬೇಡವೆಂದು 2012ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಚಿಹಾಯ ಅಡಾಚಿ ತಂಡ ಕೋಣೆಯ ಬಿಸಿಯಿಂದಲೇ ಆ ಕೆಲಸ ಮಾಡಿಸಿತು. ಇಷ್ಟಾದರೂ ಹುಟ್ಟಿದ ಬೆಳಕಿನಲ್ಲಿ ಹೆಚ್ಚಿನ ಪಾಲು ಗಾಜು, ಪದರಗಳ ನಡುವೆಯೇ ಸಿಕ್ಕಿಬೀಳುತ್ತದೆ. ಅದನ್ನು ಹೊರಗೆಳೆಯುವುದೇ ಒಂದು ಪ್ರತ್ಯೇಕ ವಿದ್ಯೆ.

ರಾಯಬಾಗ ತಾಲ್ಲೂಕಿನಲ್ಲಿ ಬೆಳೆದು ಸಾಂಗ್ಲಿ ಪೇಟೆಗೆ ಹೋಗುವ ಅರಿಸಿನಕ್ಕೂ ಇಲ್ಲಿ ಪಾಲಿದೆ. 2018ರಲ್ಲಿ ಅಡಾಚಿ ಮತ್ತು ಸಂಗಡಿಗರು ಅರಿಸಿನದ ಕರ್ಕ್ಯುಮಿನ್‌ನ ಮೈಕಟ್ಟನ್ನೇ ಹೋಲುವ, ಬೋರಾನ್ ಸೇರಿದ ಅಣುವಿನಿಂದ ಸುಮಾರು ನೂರಕ್ಕೆ ಹತ್ತರಷ್ಟು ದಕ್ಷತೆ ಪಡೆದರು. ಆದರೆ ಆ ಬೆಳಕು ಕೆಂಪಿನಂಚಿನಾಚೆಯದು, ಕಣ್ಣಿಗೆ ಸಿಗುವುದೇ ಕಷ್ಟ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಎರಚುವ ಅರಿಸಿನದ ಭಂಡಾರವನ್ನು ಮೊಬೈಲಿನಲ್ಲಿ ನೋಡುವಾಗ ಪರದೆಯಲ್ಲಿ ಹಳದಿ ಚುಕ್ಕೆ ಒಂದೂ ಇರುವುದಿಲ್ಲ. ಕೆಂಪು, ಹಸಿರು ಬೆಳಗುತ್ತವೆ. ಹಳದಿಯನ್ನು ಕಣ್ಣು ಕಟ್ಟಿಕೊಳ್ಳುತ್ತದೆ.

ಹಾಗೆ ಕಟ್ಟಿಕೊಳ್ಳಬೇಕಾದರೆ ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಇರಬೇಕು. ಇಲ್ಲಿ ಕೊಡ ಬೆಳಗುವ ಅರ್ಥ ಕೆಲಸಕ್ಕೆ ಬರುತ್ತದೆ: ಬೇಡದ್ದನ್ನು ತಿಕ್ಕಿ ತೆಗೆಯುವುದು. ಹಸಿರು ಸೂಸುವ ಅಣು ತನ್ನ ಅಕ್ಕಪಕ್ಕದ ಬಣ್ಣಗಳನ್ನೂ ಚೆಲ್ಲುತ್ತದೆ. ಅಣುವಿನ ಮೈ ಸಡಿಲವಿದ್ದಷ್ಟೂ ಚೆಲ್ಲುವುದು ಹೆಚ್ಚು. 2016ರಲ್ಲಿ ತಾಕುಜಿ ಹತಾಕೆಯಾಮ ಎಂಬ ವಿಜ್ಞಾನಿಯ ತಂಡ ಬೋರಾನ್, ನೈಟ್ರೊಜನ್‌ಗಳನ್ನು ಅಲುಗದ ಚೌಕಟ್ಟಿನಲ್ಲಿ ಬಿಗಿದು, ನೀಲಿಯ ಅಲೆಯುದ್ದದ ಹರವನ್ನು ಸುಮಾರು 30 ನ್ಯಾನೊಮೀಟರಿಗೆ ಇಳಿಸಿತು.

ನೀಲಿಯೇ ಇನ್ನೂ ತಲೆನೋವು. ಅದರ ಬೆಳಕಿನ ಕಣ ಹೊರುವ ಶಕ್ತಿ ಮೂರರಲ್ಲೂ ಹೆಚ್ಚು. ಬೆಳಗುತ್ತ ಬೆಳಗುತ್ತ ತನ್ನ ಅಣುವಿನ ಕಟ್ಟನ್ನೇ ಮುರಿಯುತ್ತದೆ. ಅದಕ್ಕೇ ಕೆಂಪು, ಹಸಿರು ಭಾರಲೋಹದ ಹೊಸ ದಾರಿ ಹಿಡಿದ ಮೇಲೂ ಹೆಚ್ಚಿನ ಮೊಬೈಲುಗಳ ನೀಲಿ ಹಳೆಯ ದಾರಿಯಲ್ಲೇ ಉಳಿಯಿತು. ಬೇಗ ಸವೆಯದಿರಲೆಂದು ಅನೇಕ ಪರದೆಗಳಲ್ಲಿ ನೀಲಿ ಚುಕ್ಕೆಗೆ ಉಳಿದೆರಡಕ್ಕಿಂತ ಹೆಚ್ಚು ಜಾಗ ಕೊಟ್ಟು, ವಿದ್ಯುತ್ತನ್ನು ಹರಡಿ ಹಾಯಿಸುತ್ತಾರೆ.