ತೊಟ್ಟಿಯ ಮೀನಿನ ಚರಿತ್ರೆ

ಬೈಲಹೊಂಗಲದ ನಮ್ಮ ಹಿತ್ತಲ ತೊಟ್ಟಿಯಲ್ಲಿ ಗಪ್ಪಿ ಮೀನುಗಳಿವೆ. ಸೊಳ್ಳೆಯ ಮರಿ ತಿನ್ನಲೆಂದು ಬಿಟ್ಟವು. ಕಿತ್ತೂರು, ಸವದತ್ತಿಯ ಕಡೆ ನೀವೂ ಇವನ್ನು ಕಂಡಿರಬಹುದು. ಮೊಟ್ಟೆಯಿಡದೆ ಮರಿ ಹಾಕುವ ಮೀನು ಇದು. ಬಟ್ಟೆ ಒಗೆಯುತ್ತ ನೋಡುವಾಗೆಲ್ಲ, ಈ ಪುಟ್ಟ ಜೀವಕ್ಕೆ ಎಂಥ ಚರಿತ್ರೆಯಿದೆ ಅನ್ನಿಸುತ್ತದೆ.

ಇದರ ತವರು ದಕ್ಷಿಣ ಅಮೆರಿಕದ ಉತ್ತರ ಅಂಚು ಮತ್ತು ಪಕ್ಕದ ಟ್ರಿನಿಡಾಡ್ ದ್ವೀಪ. ಆ ದ್ವೀಪದ ರಾಬರ್ಟ್ ಗಪ್ಪಿ ಎಂಬವರು ಲಂಡನ್ನಿನ ಮ್ಯೂಸಿಯಮ್ಮಿಗೆ ಕಳಿಸಿದ ಮೀನಿಗೆ 1866ರಲ್ಲಿ ಅವರ ಹೆಸರನ್ನೇ ಇಟ್ಟರು. ಶಾಸ್ತ್ರದ ಹೆಸರು ಮುಂದೆ ಬದಲಾದರೂ ಬಳಕೆಯಲ್ಲಿ ಅದೇ ಉಳಿಯಿತು. 1845ರಿಂದ 1917ರವರೆಗೆ ಕಬ್ಬಿನ ತೋಟದ ಕೂಲಿಗೆಂದು ನಮ್ಮ ದೇಶದ ಜನರನ್ನು ಹಡಗಿನಲ್ಲಿ ಆ ದ್ವೀಪಕ್ಕೆ ಒಯ್ಯುತ್ತಿದ್ದರು. ಅದೇ ಕಾಲದಲ್ಲಿ, 1908ರ ಹೊತ್ತಿಗೆ, ಈ ಮೀನು ಇತ್ತ ಭಾರತಕ್ಕೆ ಬಂತು.

ಟ್ರಿನಿಡಾಡಿನ ಬೆಟ್ಟದ ಹೊಳೆಗಳಲ್ಲಿ ಒಂದು ವಿಶೇಷವಿದೆ. ಜಲಪಾತದ ಕೆಳಗೆ, ಬೆಳೆದ ಗಪ್ಪಿಗಳನ್ನೇ ಹಿಡಿದು ನುಂಗುವ ದೊಡ್ಡ ಮೀನುಗಳಿವೆ. ಅವು ಜಲಪಾತ ಹತ್ತಲಾರವು. ಮೇಲಿನ ನೀರಿನಲ್ಲಿರುವುದು ರಿವ್ಯುಲಸ್ ಎಂಬ ಚಿಕ್ಕ ಮೀನು. ಅದು ತಿಂದರೂ ಹೆಚ್ಚಾಗಿ ಮರಿಗಳನ್ನೇ. ಹೀಗಾಗಿ ಕೆಳಗಿನ ಗಂಡು ಗಪ್ಪಿಗಳ ಬಣ್ಣ ಮಂಕು; ಮಿಂಚಿದರೆ ಬೇಟೆಗಾರನ ಕಣ್ಣಿಗೆ ಬೀಳಬೇಕಲ್ಲ! ಹೆಣ್ಣುಗಳು ಬೇಗ ಬಲಿಯುತ್ತವೆ, ಚಿಕ್ಕ ಮೈಯಲ್ಲೇ ಹೆರುತ್ತವೆ. ಮರಿಗಳು ಹೆಚ್ಚು, ಆದರೆ ಸಣ್ಣವು. ಮೇಲಿನವು ನಿಧಾನವಾಗಿ ಬೆಳೆದು, ಕೆಲವೇ ದೊಡ್ಡ ಮರಿಗಳನ್ನು ಹೆರುತ್ತವೆ. ಯಾವ ಮೀನೂ ಹೀಗೆಂದು ನಿಶ್ಚಯಿಸಿದ್ದಲ್ಲ. ಕೆಳಗೆ ತಡಮಾಡಿದವು ಹೆರುವ ಮುಂಚೆಯೇ ಬಾಯಿಗೆ ಬಿದ್ದವು. ಬೇಗ ಹೆತ್ತವುಗಳ ಸಂತಾನ ಉಳಿಯಿತು.

1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಕೆಳಗಿನ 200 ಗಪ್ಪಿಗಳನ್ನು, ಗಪ್ಪಿಯೂ ಇಲ್ಲದ, ದೊಡ್ಡ ಬೇಟೆಗಾರನೂ ಇಲ್ಲದ ಹೊಳೆಗೆ ಬಿಟ್ಟರು. 11 ವರ್ಷಗಳಲ್ಲಿ, ಅಂದರೆ ಮೀನಿನ 30ರಿಂದ 60 ತಲೆಮಾರುಗಳಲ್ಲಿ, ಅವುಗಳ ಸಂತಾನ ತಡವಾಗಿ ಬಲಿಯುವಂತಾಯಿತು, ಮೈಯೂ ದೊಡ್ಡದಾಯಿತು. ಪ್ರಯೋಗಾಲಯದಲ್ಲಿ ಒಂದೇ ತರಹ ಸಾಕಿದಾಗಲೂ ಆ ವ್ಯತ್ಯಾಸ ಹೋಗಲಿಲ್ಲ. ಅದು ಹುಟ್ಟುಗುಣವೇ ಆಗಿತ್ತು. ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಇದನ್ನು 1990ರಲ್ಲಿ ಪ್ರಕಟಿಸಿದರು.

ಇದನ್ನು ಓದಿದಾಗ ನನಗೆ ರಾಮದುರ್ಗದ ಅಜ್ಜಿ ನೆನಪಾದಳು. ಮೈನೆರೆಯುವ ಮುಂಚೆಯೇ ಮದುವೆ. ಒಂಬತ್ತು ಹೆತ್ತಳು, ನಾಲ್ಕು ಉಳಿದವು. ಕಾಲರಾ, ಪ್ಲೇಗುಗಳ ಕಾಲ ಅದು. ಯಾವುದು ಉಳಿಯುತ್ತದೋ ಯಾರಿಗೆ ಗೊತ್ತು, ಬೇಗ ಹೆರಲಿ, ಹೆಚ್ಚು ಹೆರಲಿ ಎಂಬ ಅಂಜಿಕೆ ಎಲ್ಲರ ಎದೆಯಲ್ಲಿತ್ತು. ಮೀನಿನ ಲೆಕ್ಕವನ್ನು ಮನುಷ್ಯರಿಗೆ ಹಾಗೇ ಹಚ್ಚಬಾರದು. ಮೀನಿಗೆ ಅದು ರಕ್ತದಲ್ಲಿ ಇಳಿದದ್ದು, ಅಜ್ಜಿಗೆ ರೂಢಿಯಲ್ಲಿ ಬಂದದ್ದು. ರೂಢಿ ಬದಲಾಗಲು ಮೂವತ್ತು ತಲೆಮಾರು ಬೇಕಾಗಲಿಲ್ಲ. ಸೂಜಿಮದ್ದು, ಶುದ್ಧ ನೀರು, ಸಾಲಿ ಬಂದವು. 1929ರ ಕಾಯ್ದೆ ಹುಡುಗಿಯ ಮದುವೆಗೆ 14 ವರ್ಷವೆಂದಿತು; 1978ರಲ್ಲಿ ಅದು 18 ಆಯಿತು. ಅಜ್ಜಿಗೆ ಒಂಬತ್ತಾದರೆ ಅವ್ವನಿಗೆ ನಾಲ್ಕು, ನನಗೆ ಎರಡು.

ಆದರೂ ನಮ್ಮ ಓಣಿಯಲ್ಲಿ ಹತ್ತನೆಯ ಇಯತ್ತೆ ಮುಗಿಯುವುದೇ ತಡ, ಹುಡುಗಿಗೆ ವರ ನೋಡುವವರು ಇನ್ನೂ ಇದ್ದಾರೆ. ಅವರನ್ನು ಕೇಳಬೇಕೆನಿಸುತ್ತದೆ: ಇಷ್ಟು ಅವಸರ ಮಾಡಲು, ನುಂಗುವ ಮೀನು ಈಗ ಎಲ್ಲಿದೆ?