ಶಾಲೆಯ ಹೊತ್ತು, ಸಂಜೆಯ ಹೊತ್ತು: ಪ್ರೌಢಶಾಲಾ ವಿದ್ಯಾರ್ಥಿಗಳ ಸ್ಮಾರ್ಟ್‌ಫೋನ್ ನಿರ್ಬಂಧ ಕುರಿತು ಬೆಂಗಳೂರು ಉತ್ತರದ ನೆಲೆಯಿಂದ ಒಂದು ಪರಿಶೀಲನೆ

ಸಾರಾಂಶ

ಪ್ರೌಢಶಾಲೆಗಳಲ್ಲಿ ಸ್ಮಾರ್ಟ್‌ಫೋನ್ ನಿರ್ಬಂಧಿಸಬೇಕೆ ಎಂಬ ಚರ್ಚೆ ಬಹುಮಟ್ಟಿಗೆ ವಿದ್ಯಾರ್ಥಿಯ ಬ್ಯಾಗಿನ ಸುತ್ತಲೇ ನಡೆಯುತ್ತದೆ. ಶಾಲೆಯೇ ಫೋನನ್ನು ಎಷ್ಟು ನೆಚ್ಚಿಕೊಂಡಿದೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಶಾಲಾವಧಿಯ ನಿರ್ಬಂಧಕ್ಕೆ ಸಾಕಷ್ಟು ಆಧಾರವಿದೆ. ಆದರೆ ಪಾಠದ ಕೆಲಸವನ್ನು ಸಂಜೆ ಫೋನಿಗೆ ಕಳಿಸುವ ರೂಢಿ ಮುಂದುವರಿದರೆ ಅದೇ ನಿರ್ಬಂಧ ತನ್ನ ಬಲವನ್ನು ಕಳೆದುಕೊಳ್ಳುತ್ತದೆ ಎಂಬುದು ಈ ಲೇಖನದ ವಾದ.

1. ಪೀಠಿಕೆ: ನೆಲೆ ಮತ್ತು ವಿಧಾನ

ಬೆಂಗಳೂರಿನ ಉತ್ತರ ಭಾಗ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನೆಲೆ. ಯಲಹಂಕದಲ್ಲಿ ಹಳೆಯ ಊರೂ ಇದೆ, ಉಪನಗರವೂ ಇದೆ. ಹೆಬ್ಬಾಳದಿಂದಾಚೆ ಬಳ್ಳಾರಿ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟುಗಳು ಎದ್ದಿವೆ, ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಇದೆ. ಯಶವಂತಪುರದ ಎಪಿಎಂಸಿ ಮಾರುಕಟ್ಟೆ, ಅದರ ಆಚೆಗಿನ ಪೀಣ್ಯ ಕೈಗಾರಿಕಾ ಪ್ರದೇಶ ಸಾವಿರಾರು ದುಡಿಯುವ ಕುಟುಂಬಗಳಿಗೆ ಅನ್ನ ಕೊಟ್ಟಿವೆ. ಆರ್.ಟಿ. ನಗರದಲ್ಲಿ ಮಧ್ಯಮ ವರ್ಗದ ಮನೆಗಳೂ ಬಾಡಿಗೆಯ ಒಂಟಿ ಕೋಣೆಗಳೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಇಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗನಿಗೆ ಸ್ವಂತ ಫೋನು ಇರಬಹುದು. ಅದೇ ವಯಸ್ಸಿನ ಹುಡುಗಿಯೊಬ್ಬಳು ಕೆಲಸಕ್ಕೆ ಹೋದ ಅಪ್ಪ ರಾತ್ರಿ ಫೋನು ತರುವವರೆಗೆ ಕಾಯಬೇಕಾಗಬಹುದು. ಇಬ್ಬರಿಗೂ ಒಂದೇ ನಿಯಮ ಬರೆಯುವವರು ಈ ಅಂತರವನ್ನು ಎದುರಿಗಿಟ್ಟುಕೊಳ್ಳಬೇಕು.

ನ್ಯಾಯಾಲಯದ ಆದೇಶಗಳು, ಸಮೀಕ್ಷಾ ವರದಿಗಳು ಹಾಗೂ ಪ್ರಕಟಿತ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದುವುದು ಇಲ್ಲಿ ಅನುಸರಿಸಿರುವ ವಿಧಾನ.

2. 2020: ಫೋನು ಶಾಲೆಯ ಒಳಗೆ ಬಂದ ಬಗೆ

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳ ಕೈಗೆ ಫೋನು ಕೊಡಬೇಡಿ ಎನ್ನುತ್ತಿದ್ದ ಶಿಕ್ಷಕರೇ ಫೋನಿನಲ್ಲಿ ಪಾಠ ಮಾಡಬೇಕಾಯಿತು. ಆಗ ಕರ್ನಾಟಕ ಹಿಡಿದ ದಾರಿ ವಿಶಿಷ್ಟವಾದದ್ದು. ಚಿಕ್ಕ ಮಕ್ಕಳು ಪರದೆಯ ಮುಂದೆ ಗಂಟೆಗಟ್ಟಲೆ ಕೂರುವುದು ಸರಿಯಲ್ಲವೆಂದು ರಾಜ್ಯ ಸರ್ಕಾರ ಜೂನ್ 15 ಮತ್ತು 27ರ ಆದೇಶಗಳ ಮೂಲಕ ಎಲ್‌ಕೆಜಿಯಿಂದ 5ನೇ ತರಗತಿವರೆಗಿನ ಆನ್‌ಲೈನ್ ತರಗತಿಗಳನ್ನು ಮೊದಲು ತಡೆಯಿತು, ಬಳಿಕ ಮಿತಿಗೊಳಪಡಿಸಿತು. ಪೋಷಕರು ಹೈಕೋರ್ಟ್ ಮೆಟ್ಟಿಲೇರಿದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕ ಅವರಿದ್ದ ವಿಭಾಗೀಯ ಪೀಠ 2020ರ ಜುಲೈ 8ರಂದು ಎರಡೂ ಆದೇಶಗಳಿಗೆ ತಡೆ ನೀಡಿತು. ಸಂವಿಧಾನದ 21 ಮತ್ತು 21ಎ ವಿಧಿಗಳು ಕೊಡುವ ಹಕ್ಕಿಗೆ ಇವು ಮೇಲ್ನೋಟಕ್ಕೆ ಧಕ್ಕೆ ತರುತ್ತವೆ ಎಂಬುದು ಪೀಠದ ಅಭಿಪ್ರಾಯವಾಗಿತ್ತು. ಅದರ ಜೊತೆಗೇ, ಈ ತಡೆಯನ್ನು ಮುಂದಿಟ್ಟುಕೊಂಡು ಶಾಲೆಗಳು ಆನ್‌ಲೈನ್ ಶಿಕ್ಷಣವನ್ನು ಕಡ್ಡಾಯ ಮಾಡುವಂತಿಲ್ಲ ಎಂದೂ ಪೀಠ ಸ್ಪಷ್ಟಪಡಿಸಿತು.

ಆದೇಶದ ಈ ಎರಡನೆಯ ಭಾಗ ಬೇಗ ಮರೆತುಹೋಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮ ಸ್ಮಾರ್ಟ್‌ಫೋನ್ ಇರುವವರು, ಸಾಮಾನ್ಯ ಫೋನ್ ಇರುವವರು, ಯಾವ ಫೋನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ಎಲ್ಲರನ್ನೂ ಮುಟ್ಟಲು ಯತ್ನಿಸಿತು. ಫೋನು ಇಲ್ಲದ ಮಗುವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆ ದೃಷ್ಟಿ ಶಾಲೆಗಳು ತೆರೆದ ಮೇಲೆ ಉಳಿಯಲಿಲ್ಲ, ವಾಟ್ಸ್‌ಆ್ಯಪ್ ಗ್ರೂಪು ಉಳಿಯಿತು. ಅನೇಕ ಶಾಲೆಗಳಲ್ಲಿ ಡೈರಿಯ ಜಾಗವನ್ನು ಗ್ರೂಪು ಹಿಡಿದಿದೆ. ಹೋಂವರ್ಕ್, ಪ್ರಾಜೆಕ್ಟಿನ ವಿವರ, ಪರೀಕ್ಷೆಯ ವೇಳಾಪಟ್ಟಿ ಎಲ್ಲವೂ ಅಲ್ಲೇ ಬರುತ್ತವೆ. ರಾಜ್ಯದ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ‘ದೀಕ್ಷಾ’ ಡಿಜಿಟಲ್ ಪಾಠಗಳ ಕ್ಯೂಆರ್ ಕೋಡ್ ತೆರೆಯುವುದಕ್ಕೂ ಸ್ಮಾರ್ಟ್‌ಫೋನೇ ಬೇಕು.

3. ಅಂಕಿಅಂಶಗಳು ತೋರುವುದೇನು?

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 59.2ರಷ್ಟು ಮಕ್ಕಳು ಸ್ಮಾರ್ಟ್‌ಫೋನನ್ನು ಸಂದೇಶ ಕಳಿಸಲು ಬಳಸುತ್ತೇವೆಂದರು. ಆನ್‌ಲೈನ್ ಕಲಿಕೆಗೆ ಎಂದವರು ಶೇ. 10.1 ಮಾತ್ರ. ಗ್ರಾಮೀಣ ಭಾರತವನ್ನು ಒಳಗೊಂಡ ‘ಅಸರ್’ ಶಿಕ್ಷಣ ಸಮೀಕ್ಷೆಯ 2024ರ ವರದಿಯಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಗೆ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. 14ರಿಂದ 18 ವರ್ಷದವರನ್ನು ಕುರಿತ 2023ರ ‘ಅಸರ್’ ವರದಿ, ಬಳಸಲು ಬಲ್ಲವರಲ್ಲಿ ಸ್ವಂತ ಫೋನು ಇರುವ ಹುಡುಗರು ಶೇ. 43.7, ಹುಡುಗಿಯರು ಶೇ. 19.8 ಎಂದು ದಾಖಲಿಸಿತ್ತು.

ಈ ಅಂಕಿಗಳಿಂದ ಎರಡು ಮಾತು ಹೊರಡುತ್ತವೆ. ಓದು ಮತ್ತು ಮನರಂಜನೆ ಒಂದೇ ಪರದೆಯಲ್ಲಿ ಸಿಗುವಾಗ ಮನರಂಜನೆಯ ಕೈ ಮೇಲಾಗುತ್ತದೆ. ಎರಡನೆಯದಾಗಿ, ಹೋಂವರ್ಕ್ ಫೋನಿನಲ್ಲಿ ಬಂದಾಗ ಮೊದಲು ಹಿಂದೆ ಬೀಳುವವಳು ಸ್ವಂತ ಫೋನಿಲ್ಲದ ಹುಡುಗಿ. ಫೋನು ಇರುವವನ ಗಮನ ಚದುರುತ್ತದೆ, ಇಲ್ಲದವಳಿಗೆ ಪಾಠವೇ ಕೈತಪ್ಪುತ್ತದೆ.

4. ನಿರ್ಬಂಧದ ಫಲ ಮತ್ತು ಅದರ ಮೇರೆ

ಶಾಲಾವಧಿಯ ನಿರ್ಬಂಧ ಕಲಿಕೆಗೆ ನೆರವಾಗುತ್ತದೆ ಎನ್ನಲು ಗಟ್ಟಿ ಪುರಾವೆಗಳಿವೆ. ಇಂಗ್ಲೆಂಡಿನ ನಾಲ್ಕು ನಗರಗಳ ಶಾಲೆಗಳನ್ನು ಅಭ್ಯಸಿಸಿದ ಬೆಲಾಂಡ್ ಮತ್ತು ಮರ್ಫಿ, ಫೋನು ನಿಷೇಧಿಸಿದ ಮೇಲೆ ಕಲಿಕೆಯಲ್ಲಿ ಹಿಂದಿದ್ದವರ ಅಂಕ ಹೆಚ್ಚು ಸುಧಾರಿಸಿತೆಂದು 2016ರಲ್ಲಿ ತೋರಿಸಿದರು. ಮುಂದಿದ್ದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭಾರತದಲ್ಲೇ ಸುಮಾರು 17,000 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಹೊರಬಂದ ಪ್ರಯೋಗ ಇದೇ ಫಲಿತಾಂಶಕ್ಕೆ ಒತ್ತು ಕೊಟ್ಟಿದೆ. ತರಗತಿಗೆ ಮೊದಲು ಫೋನನ್ನು ಒಪ್ಪಿಸಿದಾಗ ಹಿಂದುಳಿದ ವಿದ್ಯಾರ್ಥಿಗಳಿಗೇ ಹೆಚ್ಚು ಲಾಭವಾಯಿತು. ಮನೆಯಲ್ಲಿ ಹೇಳಿಕೊಡುವವರಿಲ್ಲದ, ಟ್ಯೂಷನ್ನಿಗೆ ಹಣವಿಲ್ಲದ ಮಗುವಿಗೆ ತರಗತಿಯೇ ಇರುವ ಒಂದೇ ಅವಕಾಶ. ಆ ಅವಧಿಯ ಗಮನವನ್ನು ಕಾಪಾಡುವುದು ಸಾಮಾಜಿಕ ನ್ಯಾಯದ ಕೆಲಸವೂ ಹೌದು.

ನಿರ್ಬಂಧಕ್ಕೆ ಮೇರೆಯೂ ಇದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 30 ಶಾಲೆಗಳ 1,227 ವಿದ್ಯಾರ್ಥಿಗಳನ್ನು ಹೋಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರ್ಬಂಧವಿದ್ದ ಮತ್ತು ಇಲ್ಲದ ಶಾಲೆಗಳ ಮಕ್ಕಳ ಮಾನಸಿಕ ಸ್ವಾಸ್ಥ್ಯದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಇಡೀ ದಿನದ ಫೋನ್ ಬಳಕೆಯೂ ತಗ್ಗಿರಲಿಲ್ಲ. ಆದರೆ ಫೋನಿನಲ್ಲಿ ಹೆಚ್ಚು ಹೊತ್ತು ಕಳೆಯುವವರಲ್ಲಿ ಸ್ವಾಸ್ಥ್ಯ, ನಿದ್ದೆ, ತರಗತಿಯ ನಡವಳಿಕೆ ಕೆಟ್ಟಿದ್ದವು. ಹಾಗಾಗಿ ಶಾಲೆಯ ಗೇಟು ಪಾಠದ ಹೊತ್ತನ್ನು ಕಾಯಬಲ್ಲದು. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗಿನ ಹೊತ್ತನ್ನು ಕಾಯಲು ಬೇರೆ ಏರ್ಪಾಡು ಬೇಕು. ಆ ಹೊತ್ತಿನಲ್ಲೇ ಶಾಲೆಯ ಗ್ರೂಪಿಗೆ ಸಂದೇಶ ಬೀಳುತ್ತದೆ. ‘ಹೋಂವರ್ಕ್ ನೋಡ್ಬೇಕು, ಫೋನ್ ಕೊಡಿ’ ಎಂಬ ಮಾತಿಗೆ ತಾಯಿ ಏನು ಉತ್ತರ ಕೊಟ್ಟಾಳು? ಹೋಂವರ್ಕಿಗೆಂದು ತೆರೆದ ಫೋನು ರೀಲ್ಸಿನಲ್ಲಿ ಮುಗಿದರೆ ಅದರ ಹೊಣೆಯಲ್ಲಿ ಶಾಲೆಗೂ ಪಾಲಿದೆ.

5. ಜಾರಿಯ ಪ್ರಶ್ನೆ: ತಪಾಸಣೆ ಮತ್ತು ಮರ್ಯಾದೆ

2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಮೊಬೈಲ್ ತರುವುದನ್ನು ತಡೆಯಲು ಮಕ್ಕಳ ಬ್ಯಾಗುಗಳನ್ನು ದಿಢೀರ್ ತಪಾಸಣೆ ಮಾಡಿದವು. ಬ್ಯಾಗಿನಲ್ಲಿ ಸಿಕ್ಕ ಸಿಗರೇಟು, ಕಾಂಡೋಮ್ ಮುಂತಾದವು ದೇಶದಾದ್ಯಂತ ಸುದ್ದಿಯಾದವು. ಮೊಬೈಲಿನ ಪ್ರಶ್ನೆ ಬದಿಗೆ ಸರಿಯಿತು. ಹದಿಹರೆಯದ ಮಕ್ಕಳ ಖಾಸಗಿತನ ಊರ ಮಾತಾಯಿತು. ಹೀಗೆ ಜಾರಿಯಾಗುವ ನಿಯಮ ಮಕ್ಕಳಲ್ಲಿ ಬಚ್ಚಿಡುವ ಜಾಣ್ಮೆಯನ್ನಷ್ಟೇ ಬೆಳೆಸುತ್ತದೆ.

2025ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಮಾರ್ಗಸೂಚಿ ಇದಕ್ಕಿಂತ ಹದವಾದದ್ದು. ಸಂಪೂರ್ಣ ನಿಷೇಧ ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದ ನ್ಯಾಯಾಲಯ, ಸಾಧ್ಯವಿರುವೆಡೆ ಫೋನನ್ನು ಶಾಲೆಗೆ ಬಂದಾಗ ಒಪ್ಪಿಸಿ ಹೋಗುವಾಗ ಪಡೆಯುವ ವ್ಯವಸ್ಥೆ, ತರಗತಿಯಲ್ಲಿ ಬಳಕೆಗೆ ತಡೆ, ಪೋಷಕರು ಮತ್ತು ಶಿಕ್ಷಕರ ಜೊತೆ ಚರ್ಚಿಸಿ ನೀತಿ ರೂಪಿಸುವುದು ಮುಂತಾದ ಸೂತ್ರಗಳನ್ನಿಟ್ಟಿತು. ಯಲಹಂಕದಿಂದ ಬಿಎಂಟಿಸಿ ಬಸ್ಸು ಹತ್ತಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕು ತಡವಾಗಿ ಮನೆ ಸೇರುವ ಹುಡುಗಿಯ ತಂದೆತಾಯಿಗೆ ಆಕೆಯ ಬಳಿ ಫೋನು ಇರಲಿ ಎನಿಸುವುದು ಸಹಜ. ಆ ಆತಂಕಕ್ಕೆ ಬೆಲೆ ಕೊಡುವ ನಿಯಮವನ್ನು ಪೋಷಕರೂ ಒಪ್ಪುತ್ತಾರೆ.

6. ಸಂಜೆಯ ಹೊತ್ತು: ಹಲಗಾ ಕೊಡುವ ಪಾಠ

ಬೆಳಗಾವಿ ಬಳಿಯ ಹಲಗಾ ಗ್ರಾಮ 2024ರ ಡಿಸೆಂಬರ್‌ನಲ್ಲಿ ಒಂದು ಕಟ್ಟಳೆ ಮಾಡಿಕೊಂಡಿತು. ಸಂಜೆ ಏಳಕ್ಕೆ ಸೈರನ್ ಮೊಳಗಿದರೆ ಒಂಬತ್ತರವರೆಗೆ ಮನೆಮನೆಯಲ್ಲಿ ಟಿವಿ, ಮೊಬೈಲ್ ಬಂದ್. ಅದು ಮಕ್ಕಳ ಓದಿನ ಹೊತ್ತು. ಇದರ ತಿರುಳು ಇರುವುದು ದೊಡ್ಡವರೂ ಫೋನು ಕೆಳಗಿಡುತ್ತಾರೆ ಎಂಬುದರಲ್ಲಿ. ಬೆಂಗಳೂರಿನ ಬಡಾವಣೆಯಲ್ಲಿ ಸೈರನ್ ಮೊಳಗಿಸಲಾಗದು. ಆದರೆ ಒಂದು ಶಾಲೆಯ ಪೋಷಕರು ತಮ್ಮ ಸಭೆಯಲ್ಲಿ ಇಂಥದೇ ಎರಡು ಗಂಟೆಗಳನ್ನು ಒಪ್ಪಿಕೊಳ್ಳಬಹುದು. ‘ಅವನ ಮನೆಯಲ್ಲಿ ಕೊಡ್ತಾರೆ’ ಎಂಬ ವಾದಕ್ಕೆ ಆಗ ಎಡೆಯಿರದು. ನಿಯಮದಿಂದ ತಹಬಂದಿಗೆ ಬಾರದ ಗೀಳಿಗೆ ಚಿಕಿತ್ಸೆ ಬೇಕು. ಅಂಥ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ಆರಂಭಿಸಿದೆ.

7. ಉಪಸಂಹಾರ

ಪರಿಶೀಲನೆಯಿಂದ ಮೂಡುವ ಶಿಫಾರಸುಗಳು ನಾಲ್ಕು. ಒಂದು, 8ರಿಂದ 10ನೇ ತರಗತಿವರೆಗೆ ಶಾಲಾವಧಿಯಲ್ಲಿ ಫೋನು ಶಾಲೆಯ ಸುಪರ್ದಿಯಲ್ಲಿರಲಿ, ಹೋಗುವಾಗ ಮರಳಿ ಸಿಗಲಿ. ಎರಡು, ಹೋಂವರ್ಕನ್ನು ತರಗತಿ ಮುಗಿಯುವ ಮೊದಲೇ ಹಲಗೆಯ ಮೇಲೆ ಬರೆದು ಡೈರಿಗೆ ಇಳಿಸಿಕೊಳ್ಳುವ ಪದ್ಧತಿ ಮರಳಲಿ. ಗ್ರೂಪು ಪೋಷಕರಿಗೆ ತುರ್ತು ಸೂಚನೆ ಕೊಡಲಷ್ಟೇ ಇರಲಿ. ಮೂರು, ಕ್ಯೂಆರ್ ಕೋಡಿನ ಪಾಠಗಳನ್ನು ಶಾಲೆಯ ಪರದೆಯಲ್ಲಿ ಎಲ್ಲರಿಗೂ ಒಟ್ಟಿಗೆ ತೋರಿಸಲಿ. ನಾಲ್ಕು, ನಿಯಮವನ್ನು ಶಾಲಾಭಿವೃದ್ಧಿ ಸಮಿತಿ ಅಥವಾ ಪೋಷಕರ ಸಭೆಯಲ್ಲಿ, ಮಕ್ಕಳ ಪ್ರತಿನಿಧಿಗಳನ್ನೂ ಕೂರಿಸಿಕೊಂಡು ರೂಪಿಸಲಿ.

ಎರಡನೆಯದೇ ಇವುಗಳಲ್ಲಿ ಮುಖ್ಯ. ಅದಕ್ಕೆ ಹೊಸ ಕಾನೂನು ಬೇಡ, ಅನುದಾನ ಬೇಡ; ಮುಖ್ಯ ಶಿಕ್ಷಕರ ಒಂದು ನಿರ್ಧಾರ ಸಾಕು. 2020ರ ಹೈಕೋರ್ಟ್ ಆದೇಶದ ಮರೆತ ಭಾಗಕ್ಕೂ ಅದರಿಂದ ಮತ್ತೆ ಜೀವ ಬರುತ್ತದೆ: ಫೋನು ಇಲ್ಲದೆ ಯಾವ ಮಗುವಿನ ಓದೂ ನಿಲ್ಲಬಾರದು. ಈ ಖಾತರಿಯನ್ನು ಕೊಟ್ಟ ಶಾಲೆಗೆ ‘ಫೋನು ಕೆಳಗಿಡು’ ಎಂದು ಮಗುವಿಗೆ ಹೇಳುವ ಅಧಿಕಾರ ತಾನಾಗಿ ಬರುತ್ತದೆ.